ಫೀಸು ಕಟ್ಟುವ ಮೊದಲು ಒಂದು ಡಿಕ್ಟೇಷನ್ ಕೇಳಿಸಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಮ್ಮ ಬೀದಿಯ ಹುಡುಗಿಯೊಬ್ಬಳು ಕೈಯಲ್ಲಿ ಒಂದು ಕರಪತ್ರ ಹಿಡಿದುಕೊಂಡು ಮನೆಗೆ ಬಂದಳು. ಬಿ.ಎಸ್ಸಿ. ಮುಗಿಸಿ ಒಂದು ವರ್ಷವಾಗಿದೆ. ಅವರಪ್ಪ ಇಲ್ಲಿಯ ಎಪಿಎಂಸಿ ಯಾರ್ಡಿನಲ್ಲಿ ಕೊಬ್ಬರಿ ಚೀಲ ಹೊರುತ್ತಾರೆ. ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: ‘ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕಲಿಯಿರಿ, ಮನೆಯಲ್ಲೇ ಕೂತು ತಿಂಗಳಿಗೆ 40,000 ಗಳಿಸಿ, ಕೆಲಸ 100ಕ್ಕೆ 100 ಗ್ಯಾರಂಟಿ.’ ಕೋರ್ಸು ಮೂರು ತಿಂಗಳು. ಫೀಸು 45,000 ರೂಪಾಯಿ. ಇಂಥದ್ದೇ ಜಾಹೀರಾತುಗಳನ್ನು ಪತ್ರಿಕೆಗಳ ವರ್ಗೀಕೃತ ಪುಟದಲ್ಲೂ ನೋಡಿದ್ದೇನೆ. ಅದಕ್ಕೇ ಈ ಪತ್ರ ನಿಮಗೆ.

‘ಆಂಟಿ, ನೀವು ಇದೇ ಕೆಲಸ ಮಾಡೋದು ಅಲ್ವಾ? ಸೇರಲಾ?’ ಎಂದು ಕೇಳಿದಳು.

ನಾನು ಈ ಕೆಲಸದಲ್ಲಿ 20 ವರ್ಷಕ್ಕೂ ಜಾಸ್ತಿ ಕಳೆದಿದ್ದೇನೆ. ಮೊದಲು ಬೆಂಗಳೂರಿನಲ್ಲಿ, ಈಗ ತಿಪಟೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ಆದರೂ ಅವಳಿಗೆ ತಕ್ಷಣ ಉತ್ತರ ಕೊಡಲು ಆಗಲಿಲ್ಲ. ಕರಪತ್ರವನ್ನು ಎರಡು ಸಲ ಓದಿದೆ. ಏನೇನು ಕಲಿಸುತ್ತಾರೆ ಅಂತ ಬರೆದಿದ್ದರು. ಟೈಪಿಂಗ್, ಕಂಪ್ಯೂಟರ್ ಬೇಸಿಕ್ಸ್, ಮೆಡಿಕಲ್ ಟರ್ಮಿನಾಲಜಿ, ಸಾಫ್ಟ್ ಸ್ಕಿಲ್ಸ್, ಸರ್ಟಿಫಿಕೇಟ್. ಒಂದು ಮಾತು ಮಾತ್ರ ಎಲ್ಲೂ ಇರಲಿಲ್ಲ. ಡಿಕ್ಟೇಷನ್.

ಈ ಕೆಲಸ ಗೊತ್ತಿಲ್ಲದವರಿಗಾಗಿ ಎರಡು ಮಾತು ಹೇಳುತ್ತೇನೆ. ಅಮೆರಿಕದಲ್ಲಿ ಡಾಕ್ಟರು ರೋಗಿಯನ್ನು ನೋಡಿದ ಮೇಲೆ ಎಲ್ಲವನ್ನೂ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರೆ. ಇದಕ್ಕೇ ಡಿಕ್ಟೇಷನ್ ಅನ್ನುವುದು. ಏನು ತೊಂದರೆ, ಏನು ಪರೀಕ್ಷೆ, ಯಾವ ಔಷಧಿ, ಎಷ್ಟು ಮಿಲಿಗ್ರಾಂ, ಎಲ್ಲವೂ ಅದರಲ್ಲಿರುತ್ತದೆ. ಅದನ್ನು ಕೇಳಿ, ತಪ್ಪಿಲ್ಲದೆ ದಾಖಲೆಯಾಗಿ ಬರೆಯುವುದು ನಮ್ಮ ಕೆಲಸ. ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ರಾತ್ರಿ 8 ಆದಾಗ ನಮ್ಮಲ್ಲಿ ಬೆಳಗಿನ ಜಾವ ಐದೂವರೆ. ಅವರು ಮಲಗಿ ಏಳುವಷ್ಟರಲ್ಲಿ ನಾವು ಮುಗಿಸಿ ಕಳಿಸಿರುತ್ತೇವೆ. 1990ರ ದಶಕದ ಕೊನೆಯಲ್ಲಿ ಈ ಕೆಲಸ ಬೆಂಗಳೂರಿಗೆ ಅಷ್ಟೊಂದು ಬಂದದ್ದಕ್ಕೆ ಈ ಹಗಲು ರಾತ್ರಿಯ ವ್ಯತ್ಯಾಸವೇ ಒಂದು ದೊಡ್ಡ ಕಾರಣ. ಇನ್ನೊಂದು, ನಮ್ಮ ಕೂಲಿ ಕಡಿಮೆ.

ಕೆಲಸ ಬಂದ ಹಾಗೆ ಅದರ ಹಿಂದೆಯೇ ಟ್ರೈನಿಂಗ್ ಸೆಂಟರುಗಳೂ ಬಂದವು. ಬಸ್ ಸ್ಟ್ಯಾಂಡ್ ಎದುರಿನ ಎರಡನೇ ಮಹಡಿಯಲ್ಲಿ, ಝೆರಾಕ್ಸ್ ಅಂಗಡಿಯ ಮೇಲೆ, ಎಲ್ಲೆಲ್ಲೂ. ಅಂಥ ಒಂದಕ್ಕೆ 2000ನೇ ಇಸವಿಯಲ್ಲಿ ನಾನೂ ಸೇರಿದ್ದೆ.

ಆಗ ಸಿಬಿಝಡ್ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದ್ದೆ. ಹೈಸ್ಕೂಲಿನ ತನಕ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಫೀಸು 22,000 ರೂಪಾಯಿ. ಆಗ ಅದು ನಮ್ಮ ಮನೆಗೆ ತುಂಬಾ ದೊಡ್ಡ ಮೊತ್ತ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪಿನಿಂದ ಬಿಡಬೇಕು. ಅಪ್ಪ ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಗಡಗಡ ಅಂದರೆ ಆಯಿತು ಅಂತ ಲೆಕ್ಕ. ಆ ವರ್ಷ ಕೆಲವು ಕಾಯಿ ಇನ್ನೂ ಗಡಗಡ ಅಂದಿರಲಿಲ್ಲ. ಆದರೂ ಇಳಿಸಿ ಮಾರಿದರು. ಇನ್ನು ಎರಡು ತಿಂಗಳು ಕಾದಿದ್ದರೆ ಒಳ್ಳೆಯ ರೇಟು ಸಿಗುತ್ತಿತ್ತು.

ಆ ಸೆಂಟರಿನಲ್ಲಿ 30 ಜನಕ್ಕೆ ನಾಲ್ಕು ಕಂಪ್ಯೂಟರ್ ಇದ್ದವು. ಮೊದಲ ತಿಂಗಳು ಟೈಪಿಂಗ್. ಎರಡನೇ ತಿಂಗಳು ಪದಗಳ ಪಟ್ಟಿ. ‘ಕಾರ್ಡಿಯೋ’ ಅಂದರೆ ಹೃದಯ, ‘ನೆಫ್ರೋ’ ಅಂದರೆ ಮೂತ್ರಪಿಂಡ, ಹೀಗೆ ಉರು ಹೊಡೆಯುವುದು. ಮೂರನೇ ತಿಂಗಳು ಕ್ಯಾಸೆಟ್ ಹಾಕಿದರು. ನಮಗೆಲ್ಲ ಖುಷಿ. ಆದರೆ ಕೇಳಿದರೆ ಅದರಲ್ಲಿದ್ದದ್ದು ನಮ್ಮ ಮೇಷ್ಟರದ್ದೇ ದನಿ. ಪುಸ್ತಕದಿಂದ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಓದಿದ್ದರು. ನಾವೆಲ್ಲ ಸಲೀಸಾಗಿ ಟೈಪ್ ಮಾಡಿದೆವು. ನೂರಕ್ಕೆ ತೊಂಬತ್ತು ಮಾರ್ಕ್ಸ್ ಬಂತು. ಅದೇ ಟ್ರಾನ್ಸ್‌ಕ್ರಿಪ್ಷನ್ ಅಂದುಕೊಂಡೆವು. ನಾಲ್ಕನೇ ತಿಂಗಳ ಒಂದು ಸೋಮವಾರ ಹೋದಾಗ ಬಾಗಿಲಿಗೆ ಬೀಗ. ಕೆಳಗಿನ ಅಂಗಡಿಯವರಿಗೂ ಗೊತ್ತಿಲ್ಲ. ದುಡ್ಡು ವಾಪಸ್ ಬರಲಿಲ್ಲ. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನಿಸುತ್ತದೆ.

ನಾನು ಕೆಲಸ ಕಲಿತದ್ದು ಆಮೇಲೆ, ಒಂದು ಕಂಪನಿಯ ಟ್ರೈನಿಂಗ್‌ನಲ್ಲಿ. ಅಲ್ಲಿ ಫೀಸು ಇರಲಿಲ್ಲ. ಸ್ವಲ್ಪ ಸ್ಟೈಪೆಂಡ್ ಕೊಡುತ್ತಿದ್ದರು. ಆದರೆ ಒಳಗೆ ಹೋಗಲು ಒಂದು ಪರೀಕ್ಷೆ. ಹೆಡ್‌ಫೋನ್ ಹಾಕಿ ಎರಡು ನಿಮಿಷದ ಡಿಕ್ಟೇಷನ್ ಕೇಳಿ ಬರೆಯಬೇಕು. ನಾನು ಎರಡು ಸಲ ಫೇಲಾದೆ. ಕೇಳಿಸದ ಕಡೆಯೆಲ್ಲ ಏನೋ ಒಂದು ಪದ ತುಂಬಿಸಿದ್ದೆ. ಶಾಲೆಯಲ್ಲಿ ಹಾಗೇ ಅಲ್ವಾ ನಮಗೆ ಅಭ್ಯಾಸ? ಬಿಟ್ಟ ಸ್ಥಳ ತುಂಬಿರಿ. ಖಾಲಿ ಬಿಟ್ಟರೆ ಸೊನ್ನೆ. ಮೂರನೇ ಸಲ ಸುಸ್ತಾಗಿ, ಗೊತ್ತಿರದ ಐದು ಕಡೆ ಗೆರೆ ಎಳೆದು ಹಾಗೇ ಬಿಟ್ಟೆ. ಆಯ್ಕೆಯಾದೆ. ನನ್ನ ಟ್ರೈನರ್ ಮೊದಲು ನರ್ಸ್ ಆಗಿದ್ದವರು. ಅವರು ಮೊದಲ ದಿನವೇ ಹೇಳಿದ ಮಾತು ಇದು: ‘ನೀನು ಖಾಲಿ ಬಿಟ್ಟರೆ ಡಾಕ್ಟರ್ ತುಂಬುತ್ತಾರೆ. ನೀನು ತಪ್ಪು ತುಂಬಿದರೆ ರೋಗಿ ನುಂಗುತ್ತಾನೆ.’

ಮೊದಲ ನಿಜವಾದ ಫೈಲ್ ಇನ್ನೂ ನೆನಪಿದೆ. ಮೂರು ನಿಮಿಷದ್ದು. ಡಾಕ್ಟರು ಏನೋ ತಿನ್ನುತ್ತಾ ಮಾತಾಡುತ್ತಿದ್ದರು. ಹಿಂದೆ ಕಾಗದ ಮಗುಚುವ ಸದ್ದು. ನಡುವೆ ಪೇಜರ್ ಕೂಗಿತು. ಯಾರೋ ಬಂದು ಏನೋ ಕೇಳಿದರು, ಅವರಿಗೆ ಉತ್ತರ ಕೊಟ್ಟು ಮತ್ತೆ ನಡುವಾಕ್ಯದಿಂದ ಶುರು ಮಾಡಿದರು. ಕಾಲ ಕೆಳಗೆ ಫುಟ್ ಪೆಡಲ್ ಇರುತ್ತದೆ. ಒತ್ತಿದರೆ ಆಡಿಯೋ ಓಡುತ್ತದೆ, ಹಿಮ್ಮಡಿಯ ಕಡೆ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಒಂದೇ ಪದಕ್ಕೆ ನಾನು ನಲವತ್ತು ಸಲ ಹಿಂದಕ್ಕೆ ಹೋದೆ. ಮೂರು ನಿಮಿಷದ ಫೈಲಿಗೆ ನಾಲ್ಕು ಗಂಟೆ ಹಿಡಿಯಿತು. ಸೆಂಟರಿನಲ್ಲಿ ತೊಂಬತ್ತು ಮಾರ್ಕ್ಸ್ ತೆಗೆದವಳು ನಾನೇ. ಹದಿನೇಳು ಬ್ಲ್ಯಾಂಕ್ ಬಿಟ್ಟಿದ್ದೆ.

ಅದಕ್ಕೇ ಹೇಳುವುದು, ಈ ಕೆಲಸ ಟೈಪಿಂಗ್ ಅಲ್ಲ. ಕಿವಿಯ ಕೆಲಸ. ಕಿವಿಯ ಹಿಂದೆ ವಿಷಯ ಗೊತ್ತಿರಬೇಕು. ಒಂದು ಉದಾಹರಣೆ ಕೊಡುತ್ತೇನೆ. ಇಂಗ್ಲಿಷಿನಲ್ಲಿ ‘ಇಲಿಯಂ’ ಅನ್ನುವ ಪದ ಎರಡಿವೆ. ಒಂದು ಸಣ್ಣ ಕರುಳಿನ ಕೊನೆಯ ಭಾಗ. ಇನ್ನೊಂದು ಸೊಂಟದ ಮೂಳೆ. ಬರೆಯುವಾಗ ಒಂದಕ್ಷರ ವ್ಯತ್ಯಾಸ, ಕಿವಿಗೆ ಎರಡೂ ಒಂದೇ. ಡಾಕ್ಟರು ಹೊಟ್ಟೆಯ ಆಪರೇಷನ್ ಹೇಳುತ್ತಿದ್ದಾರಾ, ಮೂಳೆ ಮುರಿತ ಹೇಳುತ್ತಿದ್ದಾರಾ ಅಂತ ಅರ್ಥವಾಗದಿದ್ದರೆ ಯಾವ ಟೈಪಿಂಗ್ ಸ್ಪೀಡೂ ಕಾಪಾಡುವುದಿಲ್ಲ. ‘ಹೈಡ್ರಾಲಜೀನ್’ ರಕ್ತದೊತ್ತಡಕ್ಕೆ, ‘ಹೈಡ್ರಾಕ್ಸಿಜೀನ್’ ತುರಿಕೆ ಅಲರ್ಜಿಗೆ. ‘ಹೈಪರ್’ ಅಂದರೆ ಜಾಸ್ತಿ, ‘ಹೈಪೋ’ ಅಂದರೆ ಕಡಿಮೆ. ಇನ್ನು ‘ಫಿಫ್ಟೀನ್’ ಮತ್ತು ‘ಫಿಫ್ಟಿ’. ಇದು ಎಲ್ಲರನ್ನೂ ಒಂದು ಸಲವಾದರೂ ಬೀಳಿಸುತ್ತದೆ. ನಾನು ಬಿದ್ದದ್ದು ಎರಡನೇ ತಿಂಗಳಲ್ಲಿ. 15 ಮಿಲಿಗ್ರಾಂ ಇದ್ದದ್ದನ್ನು 50 ಎಂದು ಬರೆದೆ. ಕ್ಯೂಎ, ಅಂದರೆ ನಾವು ಬರೆದದ್ದನ್ನು ಮತ್ತೆ ಪರೀಕ್ಷಿಸುವ ಕೆಲಸ, ನೋಡುತ್ತಿದ್ದವರು ಹಿಡಿದರು. ನನ್ನನ್ನು ಕೂರಿಸಿಕೊಂಡು ಆ ಒಂದು ಪದವನ್ನು ಹತ್ತು ಸಲ ಕೇಳಿಸಿದರು. ಕೊನೆಯ ‘ನ್’ ಇತ್ತು. ಸಣ್ಣದಾಗಿ, ಆದರೆ ಇತ್ತು.

ಇಂಥದ್ದು ಹಿಡಿಯದೆ ಹೋದರೆ ಏನಾಗುತ್ತದೆ? 2008ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಹಾಗೇ ಆಯಿತು. ಆಸ್ಪತ್ರೆಯಿಂದ ಬಿಡುಗಡೆಯಾದ ಒಬ್ಬ ಮಹಿಳೆಗೆ 8 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ದಾಖಲೆಯಲ್ಲಿ 80 ಎಂದು ಬಂತು. ಮುಂದಿನ ಆರೈಕೆ ಕೇಂದ್ರದವರು ಅದನ್ನೇ ಕೊಟ್ಟರು. ಆಕೆ ಬದುಕಲಿಲ್ಲ. 2012ರಲ್ಲಿ ಅಲ್ಲಿನ ಜ್ಯೂರಿ 14 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ಆ ಟೈಪಿಂಗ್ ಕೆಲಸ ಕೈಯಿಂದ ಕೈಗೆ ದಾಟಿ ಭಾರತಕ್ಕೆ ಬಂದಿತ್ತು. ಆ ಸುದ್ದಿ ಓದಿದ ದಿನ ನಮ್ಮ ಫ್ಲೋರಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಒಂದು ಸೊನ್ನೆ. ಅದನ್ನು ಬರೆದವರಿಗೆ ಯಾರು, ಎಷ್ಟು ದಿನ, ಏನು ಕಲಿಸಿದ್ದರೋ ಎಂದು ನನಗೆ ಆಗಾಗ ಅನಿಸುತ್ತದೆ.

ಈಗ ನನ್ನ ಮುಖ್ಯವಾದ ಮಾತು. ಯಾವ ಸಂಸ್ಥೆಯೇ ಆಗಲಿ, ಒಂದು ರೂಪಾಯಿ ಫೀಸು ತೆಗೆದುಕೊಳ್ಳುವ ಮೊದಲು ವಿದ್ಯಾರ್ಥಿಗೆ ನಿಜವಾದ ಡಾಕ್ಟರ ಡಿಕ್ಟೇಷನ್ ಹತ್ತು ನಿಮಿಷ ಕೇಳಿಸಬೇಕು. ಆಮೇಲೆ ಇಡೀ ಕೋರ್ಸಿನಲ್ಲಿ ಅಂಥದ್ದು ಎಷ್ಟು ಗಂಟೆ ಇದೆ ಅಂತ ಬರೆದು ಕೊಡಬೇಕು. ಬರೆದದ್ದನ್ನು ಯಾರು ತಿದ್ದುತ್ತಾರೆ, ಅವರು ಈ ಕೆಲಸವನ್ನು ಎಷ್ಟು ವರ್ಷ ಮಾಡಿದ್ದಾರೆ ಅನ್ನುವುದನ್ನೂ ಹೇಳಬೇಕು. ತಿದ್ದುವವರಿಲ್ಲದೆ ಈ ವಿದ್ಯೆ ಬರುವುದಿಲ್ಲ. ಮದ್ದಳೆ ಕಲಿತ ಹಾಗೆ ಇದು, ಎದುರಿಗೆ ಕೂತು ಕೇಳಿ ‘ಅದಲ್ಲ, ಇದು’ ಅನ್ನುವವರು ಬೇಕು.

ಡಿಕ್ಟೇಷನ್ ಕೇಳಿಸುತ್ತಾರೆ ಅಂದ ಮಾತ್ರಕ್ಕೆ ಸಂಸ್ಥೆ ಒಳ್ಳೆಯದು ಅಂತಲೂ ಅಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ. ರೋಗಿಯ ವಿಷಯ ಗುಟ್ಟಾಗಿರಬೇಕು. ಅಮೆರಿಕದಲ್ಲಿ 1996ರಲ್ಲಿ ‘ಹಿಪಾ’ ಎಂಬ ಕಾನೂನು ಬಂತು. ಅದರ ಗೋಪ್ಯತೆಯ ನಿಯಮಗಳು 2003ರ ಏಪ್ರಿಲ್‌ನಿಂದ ಬಿಗಿಯಾದವು. ಆಗಿನಿಂದ ನಮ್ಮ ಫ್ಲೋರಿನಲ್ಲಿ ಮೊಬೈಲ್ ಬಾಗಿಲಲ್ಲೇ ಕೊಡಬೇಕಾಗಿತ್ತು. ಮೇಜಿನ ಮೇಲೆ ಪೆನ್ನು, ಕಾಗದ ಕೂಡ ಇಡುವ ಹಾಗಿರಲಿಲ್ಲ. ಕಲಿಸಲು ಬಳಸುವ ಆಡಿಯೋದಿಂದ ಹೆಸರು, ವಿಳಾಸ, ಹುಟ್ಟಿದ ದಿನ, ಫೋನ್ ನಂಬರ್ ಹೀಗೆ 18 ಬಗೆಯ ಗುರುತುಗಳನ್ನು ತೆಗೆದಿರಬೇಕು. ಆದ್ದರಿಂದ ಯಾವುದಾದರೂ ಸೆಂಟರಿನಲ್ಲಿ ‘ನೋಡಿ, ಅಸಲಿ ಫೈಲ್’ ಎಂದು ಹಾಕಿದ ಆಡಿಯೋದಲ್ಲಿ ರೋಗಿಯ ಹೆಸರೂ ಹುಟ್ಟಿದ ದಿನವೂ ಕೇಳಿಸಿದರೆ, ಅಲ್ಲಿಂದ ಎದ್ದು ಬನ್ನಿ. ಕದ್ದ ಮಾಲು ಇಟ್ಟುಕೊಂಡವರು ನಿಮಗೆ ಒಳ್ಳೆಯ ಕೆಲಸ ಕೊಡಿಸುವುದಿಲ್ಲ.

ಕೆಲಸದ ಈಗಿನ ಸ್ಥಿತಿಯನ್ನೂ ಮುಚ್ಚಿಡದೆ ಹೇಳಬೇಕು. ನಾನು ಸೇರಿದಾಗ ಎಲ್ಲವನ್ನೂ ನಾವೇ ಟೈಪ್ ಮಾಡುತ್ತಿದ್ದೆವು. ಆಮೇಲೆ ಮೆಷಿನ್ ಬಂತು. ಡಾಕ್ಟರ ಮಾತನ್ನು ಕಂಪ್ಯೂಟರೇ ಬರೆಯುತ್ತದೆ, ನಾವು ಕೇಳಿಕೊಂಡು ತಿದ್ದುತ್ತೇವೆ. ಲೆಕ್ಕ ಹಾಕುವುದು ಸಾಲಿಗೆ ಇಷ್ಟು ಅಂತ. ಒಂದು ಸಾಲು ಅಂದರೆ 65 ಅಕ್ಷರ, ನಡುವಿನ ಖಾಲಿ ಜಾಗವೂ ಸೇರಿ. ಟೈಪ್ ಮಾಡಿದ ಸಾಲಿಗೆ ಸಿಗುತ್ತಿದ್ದದ್ದರಲ್ಲಿ ತಿದ್ದಿದ ಸಾಲಿಗೆ ನನಗೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಬರತೊಡಗಿತು. 2022ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಈ ಮಾತು ಬರೆಯುವ ತಂತ್ರಜ್ಞಾನದ ನುಯಾನ್ಸ್ ಎಂಬ ಕಂಪನಿಯನ್ನು ಸುಮಾರು 2,000 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ಈಗ ಡಾಕ್ಟರು ಬೇರೆಯಾಗಿ ಡಿಕ್ಟೇಷನ್ ಕೊಡಬೇಕಂತಲೂ ಇಲ್ಲ. ರೋಗಿಯ ಜೊತೆ ಆಡಿದ ಮಾತನ್ನೇ ಕೇಳಿಸಿಕೊಂಡು ಎಐ ವರದಿ ಬರೆದು ಕೊಡುತ್ತದೆ. ಅಮೆರಿಕದ ಕಾರ್ಮಿಕ ಇಲಾಖೆಯೇ ಈ ಕೆಲಸಗಳು ಮುಂದೆ ಕಡಿಮೆಯಾಗುತ್ತವೆ ಎಂದು ಅಂದಾಜು ಮಾಡಿದೆ. ‘100ಕ್ಕೆ 100 ಗ್ಯಾರಂಟಿ’ ಎಂದು ಅಚ್ಚು ಹಾಕಿಸುವವರಿಗೆ ಇದು ಗೊತ್ತಿಲ್ಲದೇ ಇರುತ್ತದಾ?

ಹಾಗಂತ ಈ ವಿದ್ಯೆ ಸುಮ್ನೆ ಹೋಯಿತು ಅಂತ ನಾನು ಹೇಳುವುದಿಲ್ಲ. ಮೆಷಿನ್ನಿಗೆ ಒಂದು ದೊಡ್ಡ ದೋಷ ಇದೆ. ಅದು ಖಾಲಿ ಬಿಡುವುದಿಲ್ಲ. ಕೇಳಿಸದ ಕಡೆಯೂ ಏನೋ ಒಂದು ನಯವಾದ ವಾಕ್ಯ ತುಂಬಿಸುತ್ತದೆ. ಕೆಲವು ಸಲ ಇದ್ದ ಪದವನ್ನೇ ನುಂಗಿಬಿಡುತ್ತದೆ. ಒಮ್ಮೆ ಡಾಕ್ಟರು ಬೇಗ ಬೇಗ ‘ಎದೆ ನೋವು ಇಲ್ಲ’ ಎಂದಿದ್ದರು. ಮೆಷಿನ್ ‘ಇಲ್ಲ’ ಎಂಬುದನ್ನು ಬಿಟ್ಟು ‘ಎದೆ ನೋವು’ ಎಂದಷ್ಟೇ ಬರೆದಿತ್ತು. ವಾಕ್ಯ ಓದಿದರೆ ಎಲ್ಲೂ ತಪ್ಪು ಕಾಣುವುದಿಲ್ಲ. ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಹೀಗಾಗಿ ಕೇಳುವ ಕಿವಿಗೆ ಬೆಲೆ ಇದ್ದೇ ಇದೆ. ಆದರೆ ಅಷ್ಟು ಜನ ಬೇಕಾಗಿಲ್ಲ, ಬೇಕಾದವರು ಮೊದಲಿಗಿಂತ ಚೆನ್ನಾಗಿ ಕಲಿತಿರಬೇಕು. ಈಗಿನ ಕೋರ್ಸು ಮೆಷಿನ್ ಬರೆದದ್ದನ್ನು ತಿದ್ದುವುದನ್ನು ಕಲಿಸದಿದ್ದರೆ ಅದು 2000ನೇ ಇಸವಿಯ ಕೋರ್ಸು.

ಹಾಗಾದರೆ ಎಲ್ಲಿ ಕಲಿಯಬೇಕು? ಹುಡುಗಿ ಕೇಳಿದ್ದೂ ಅದೇ. ನನಗೆ ಗೊತ್ತಿರುವ ದಾರಿಗಳನ್ನು ಹೇಳುತ್ತೇನೆ.

ನಮ್ಮ ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡ್ ‘ಮೆಡಿಕಲ್ ರೆಕಾರ್ಡ್ಸ್ ಟೆಕ್ನಾಲಜಿ’ ಎಂಬ ಡಿಪ್ಲೊಮಾ ನಡೆಸುತ್ತದೆ. ಡಿಎಂಆರ್‌ಟಿ ಅನ್ನುತ್ತಾರೆ. ಎಸ್ಸೆಸ್ಸೆಲ್ಸಿ ಆದವರಿಗೂ ಪಿಯುಸಿ ಆದವರಿಗೂ ಅದಕ್ಕೆ ದಾರಿ ಇದೆ. ಇದರ ಬಗ್ಗೆ ನಮ್ಮ ಊರುಗಳಲ್ಲಿ ಎಷ್ಟು ಜನಕ್ಕೆ ಗೊತ್ತು? ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಎಲ್ಲರಿಗೂ ಗೊತ್ತು, ಇದು ಗೊತ್ತಿಲ್ಲ. ಆಸ್ಪತ್ರೆಯ ದಾಖಲೆ ಹೇಗೆ ಇಡಬೇಕು, ರೋಗಗಳಿಗೆ ಕೋಡ್ ಹೇಗೆ ಹಾಕಬೇಕು ಎಂದು ಕಲಿಯುವ ಕೋರ್ಸು ಇದು. ಮುಗಿಸಿದವರಿಗೆ ಅಮೆರಿಕದ ಫೈಲೇ ಬೇಕಂತಿಲ್ಲ, ನಮ್ಮ ಆಸ್ಪತ್ರೆಗಳ ರೆಕಾರ್ಡ್ ವಿಭಾಗದಲ್ಲೇ ಜಾಗ ಇರುತ್ತದೆ. ಇನ್ನೂ ಓದುವ ಅನುಕೂಲ ಇದ್ದವರಿಗೆ ಮಣಿಪಾಲದಲ್ಲಿ ಹೆಲ್ತ್ ಇನ್‌ಫರ್ಮೇಷನ್ ಮ್ಯಾನೇಜ್‌ಮೆಂಟ್ ಪದವಿ ಇದೆ. ಪುದುಚೇರಿಯ ಜಿಪ್ಮರ್‌ನಲ್ಲಿ ಮೆಡಿಕಲ್ ರೆಕಾರ್ಡ್ಸ್ ತರಬೇತಿ ಬಹಳ ಹಿಂದಿನಿಂದ ನಡೆದುಕೊಂಡು ಬಂದಿದೆ.

ಇನ್ನೊಂದು ಕಡೆ ಯಾರೂ ನೋಡುವುದಿಲ್ಲ. ನಮ್ಮ ದೊಡ್ಡ ಆಸ್ಪತ್ರೆಗಳ ಸ್ಕ್ಯಾನಿಂಗ್ ವಿಭಾಗ. ಅಲ್ಲಿ ರೇಡಿಯಾಲಜಿಸ್ಟ್ ಸ್ಕ್ಯಾನ್ ನೋಡುತ್ತಾ ಹೇಳುತ್ತಾ ಹೋಗುತ್ತಾರೆ, ಪಕ್ಕದಲ್ಲಿ ಕೂತವರು ಟೈಪ್ ಮಾಡುತ್ತಾರೆ. ಕತ್ತಲೆ ಕೋಣೆ, ಎರಡು ಸ್ಕ್ರೀನು. ಸಂಬಳ ಜಾಸ್ತಿ ಇರುವುದಿಲ್ಲ. ಆದರೆ ಡಾಕ್ಟರು ಎದುರಿಗೇ ಇರುತ್ತಾರೆ. ಗೊತ್ತಾಗದಿದ್ದರೆ ‘ಸಾರ್, ಇನ್ನೊಂದು ಸಲ’ ಅನ್ನಬಹುದು. ನನ್ನ ಗೆಳತಿಯೊಬ್ಬಳು ಅಂಥ ಕಡೆ ಆರು ತಿಂಗಳಲ್ಲಿ ಕಲಿತಷ್ಟನ್ನು ನಾವು ಕಂಪನಿಯಲ್ಲಿ ಎರಡು ವರ್ಷದಲ್ಲಿ ಕಲಿತೆವು. ಇಂಗ್ಲಿಷ್ ಮಾತಾಡಲು ಬರುವುದಿಲ್ಲ ಅಂತ ಹಿಂಜರಿಯುವ ಹುಡುಗಿಯರಿಗೂ ಒಂದು ಮಾತು. ಈ ಕೆಲಸದಲ್ಲಿ ನೀವು ಬಾಯಿ ಬಿಡಬೇಕಾಗಿಲ್ಲ. ಕೇಳಿ ಅರ್ಥವಾಗಬೇಕು, ವ್ಯಾಕರಣ ಸರಿ ಇರಬೇಕು. ಕನ್ನಡ ಮಾಧ್ಯಮದ ನಾವು ಹತ್ತು ಜನ ಒಂದೇ ಬ್ಯಾಚಿನಲ್ಲಿದ್ದೆವು. ನಮ್ಮಲ್ಲಿ ಆರು ಜನ ಎಡಿಟರ್ ಆದೆವು.

ರೋಗಗಳಿಗೆ ಕೋಡ್ ಹಾಕುವ ಮೆಡಿಕಲ್ ಕೋಡಿಂಗ್ ಕೂಡ ಒಂದು ದಾರಿ. ಅಲ್ಲಿ ಅಮೆರಿಕದ ಎಎಪಿಸಿ ಎಂಬ ಸಂಸ್ಥೆಯ ಸಿಪಿಸಿ ಪರೀಕ್ಷೆಗೆ ಕಂಪನಿಗಳಲ್ಲಿ ಬೆಲೆ ಇದೆ. ಆದರೆ ಅದು ಬೇರೆಯೇ ಕೆಲಸ. ಎರಡನ್ನೂ ಒಂದೇ ಅಂತ ಸೇರಿಸಿ ಫೀಸು ಹೇಳುವವರಿದ್ದಾರೆ, ಕೇಳಿಕೊಳ್ಳಿ. ಸರ್ಕಾರಿ ಮನ್ನಣೆ ಇದೆ ಎಂದು ಯಾರಾದರೂ ಹೇಳಿದರೆ ಕೇಂದ್ರದ ಸ್ಕಿಲ್ ಇಂಡಿಯಾ ಡಿಜಿಟಲ್ ಪೋರ್ಟಲಿನಲ್ಲೋ ರಾಜ್ಯದ ಕೌಶಲ್‌ಕರ್ ಪೋರ್ಟಲಿನಲ್ಲೋ ಆ ಸಂಸ್ಥೆಯ ಹೆಸರು ಇದೆಯಾ ನೋಡಿ. ಗೋಡೆಯ ಮೇಲಿನ ಫ್ರೇಮು ನೋಡಿ ನಂಬಬೇಡಿ.

ಇದಕ್ಕಿಂತ ಕೆಟ್ಟ ಮೋಸ ಇನ್ನೊಂದಿದೆ. ‘ಟ್ರೈನಿಂಗ್ ಬೇಡ, ಪ್ರಾಜೆಕ್ಟ್ ಕೊಡುತ್ತೇವೆ, ಡೆಪಾಸಿಟ್ ಕಟ್ಟಿ’ ಅನ್ನುತ್ತಾರೆ. ಮನೆಗೆ ಫೈಲು ಕಳಿಸುತ್ತಾರೆ. ವಾರ ಪೂರ್ತಿ ರಾತ್ರಿ ಕೂತು ಮಾಡಿ ಕಳಿಸಿದರೆ ‘ಅಕ್ಯುರಸಿ ಬಂದಿಲ್ಲ’ ಅಂತಾರೆ. ಆಮೇಲೆ ಅಗ್ರಿಮೆಂಟ್ ಮುರಿದಿದ್ದೀರಿ, ದಂಡ ಕಟ್ಟಿ ಎಂದು ವಕೀಲರ ನೋಟಿಸಿನ ಹಾಗೆ ಕಾಣುವ ಕಾಗದ ವಾಟ್ಸ್ಆ್ಯಪಿಗೆ ಬರುತ್ತದೆ. ನನ್ನ ಸಂಬಂಧಿಕರ ಸೊಸೆಗೆ ಹೀಗಾಯಿತು. ಮೂರು ತಿಂಗಳ ಮಗು ಮಡಿಲಲ್ಲಿ. ಪೊಲೀಸರು ಮನೆಗೆ ಬರುತ್ತಾರೆ ಅಂತ ಹೆದರಿ ಗಂಡನಿಗೂ ಹೇಳದೆ ಬಳೆ ಅಡವಿಟ್ಟಳು. ಇಂಥ ಬೆದರಿಕೆ ಬಂದವರು ದಯವಿಟ್ಟು ಹಣ ಕಟ್ಟಬೇಡಿ. 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಕೋರ್ಸಿನ ವಿಷಯದಲ್ಲಿ ಮೋಸವಾಗಿದ್ದರೆ 1915 ಗ್ರಾಹಕ ಸಹಾಯವಾಣಿ. ತುಮಕೂರಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ರಸೀದಿ, ಕರಪತ್ರ, ವಾಟ್ಸ್ಆ್ಯಪ್ ಮೆಸೇಜು ಏನನ್ನೂ ಅಳಿಸಬೇಡಿ. 2000ದಲ್ಲಿ ನಮ್ಮ ಹತ್ತಿರ ರಸೀದಿ ಇತ್ತು. ಎಲ್ಲಿಗೆ ಹೋಗಬೇಕು ಎಂದು ಹೇಳುವವರಿರಲಿಲ್ಲ.

2024ರ ನವೆಂಬರಿನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಕೋಚಿಂಗ್ ಕೇಂದ್ರಗಳ ಸುಳ್ಳು ಜಾಹೀರಾತಿನ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಕೆಲಸ ಗ್ಯಾರಂಟಿ ಎಂದು ಸುಳ್ಳು ಹೇಳಬಾರದು ಅಂತ ಅದರಲ್ಲಿದೆ. ಒಳ್ಳೆಯದೇ ಆಯಿತು. ಆದರೆ ಅದು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ. ನಮ್ಮ ತಾಲ್ಲೂಕು ಊರುಗಳ ಎರಡನೇ ಮಹಡಿಯ ಸೆಂಟರುಗಳಲ್ಲಿ ಒಂದು ಸಲಕ್ಕೆ ಹನ್ನೆರಡೋ ಹದಿನೈದೋ ಜನ ಇರುತ್ತಾರೆ. ಅಲ್ಲಿಗೆ ಯಾರು ಹೋಗಿ ನೋಡುತ್ತಾರೆ?

ನೀವು ನೋಡಬಹುದು, ಸಂಪಾದಕರೇ. ಅದಕ್ಕೇ ನಿಮ್ಮಲ್ಲಿ ಕೇಳಿಕೊಳ್ಳುತ್ತಿದ್ದೇನೆ. ‘ಕೆಲಸ ಗ್ಯಾರಂಟಿ’ ಎಂಬ ಎರಡು ಪದ ಇರುವ ತರಬೇತಿ ಜಾಹೀರಾತು ಬಂದಾಗ, ಹಾಕುವ ಮೊದಲು ಒಂದೇ ಒಂದು ಕಾಗದ ಕೇಳಿ. ಹಿಂದಿನ ವರ್ಷ ಎಷ್ಟು ಜನ ಸೇರಿದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು. ಕೊಟ್ಟರೆ ಹಾಕಿ. ಹಳ್ಳಿಯ ಅಪ್ಪಂದಿರು ಪತ್ರಿಕೆಯಲ್ಲಿ ಬಂದದ್ದನ್ನು ಪತ್ರಿಕೆಯೇ ಹೇಳಿದ್ದು ಅಂತ ತಿಳಿಯುತ್ತಾರೆ. 2000ದಲ್ಲಿ ನನ್ನ ಅಪ್ಪ ನಾನು ಸೇರಿದ ಆ ಸೆಂಟರಿನ ಜಾಹೀರಾತನ್ನು ಪತ್ರಿಕೆಯಿಂದ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಬೆಂಗಳೂರಿಗೆ ಬಂದಿದ್ದರು.

ಪ್ಯಾರಾಮೆಡಿಕಲ್ ಬೋರ್ಡಿನವರಲ್ಲೂ ಒಂದು ಕೋರಿಕೆ ಇದೆ. ಡಿಎಂಆರ್‌ಟಿ ಓದುವವರಿಗೆ ಡಿಕ್ಟೇಷನ್ ಕೇಳಿ ಬರೆಯುವ, ಮೆಷಿನ್ ಬರೆದದ್ದನ್ನು ತಿದ್ದುವ ಅಭ್ಯಾಸವನ್ನು ವಾರಕ್ಕೆ ಕೆಲವು ಗಂಟೆಯಾದರೂ ಇಡಿ. ಕಲಿಸುವವರು ಇಲ್ಲ ಅನ್ನಬೇಡಿ. ಬೆಂಗಳೂರು, ಮೈಸೂರುಗಳಲ್ಲಿ ಈ ಕೆಲಸ ಮಾಡಿ ಈಗ ಮನೆಯಲ್ಲಿರುವ ನನ್ನಂಥ ಹೆಂಗಸರು ಎಷ್ಟೋ ಜನ ಇದ್ದಾರೆ. ಕರೆದರೆ ಬರುತ್ತೇವೆ.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ನನ್ನ ಕೆಲಸದ ಫೈಲು ಅವಳಿಗೆ ಕೇಳಿಸುವ ಹಾಗಿಲ್ಲ. ಆದ್ದರಿಂದ ನಾನೇ ಒಂದು ವರದಿ ಕಟ್ಟಿದೆ. ಒಬ್ಬ ಮುದುಕ, ಪಾರ್ಶ್ವವಾಯು, ಬಲಗೈ ಏಳುತ್ತಿಲ್ಲ, ಹೀಗೆ. ಅಮೆರಿಕದ ಡಾಕ್ಟರು ಹೇಳುವ ವೇಗದಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಹಿಂದೆ ಮಿಕ್ಸಿ ಓಡುತ್ತಿತ್ತು, ನಿಲ್ಲಿಸಲಿಲ್ಲ. ಅವಳು ಇಯರ್‌ಫೋನ್ ಹಾಕಿಕೊಂಡು ಕೂತಳು. ಒಂದೂವರೆ ನಿಮಿಷದ ಆಡಿಯೋ. ಐವತ್ತು ನಿಮಿಷ ಎದ್ದೇಳಲಿಲ್ಲ. ಕಾಫಿ ಆರಿತು.

ಕಾಗುಣಿತದ ತಪ್ಪು ತುಂಬಾ ಇತ್ತು. ಆದರೆ ನಡುವೆ ಒಂದು ಕಡೆ ಅವಳು ಗೆರೆ ಎಳೆದು ಖಾಲಿ ಬಿಟ್ಟಿದ್ದಳು. ‘ಇಲ್ಲೇನು?’ ಎಂದು ಕೇಳಿದೆ. ‘ಆಂಟಿ, ಡಿಸ್ಫೇಜಿಯಾನೋ ಡಿಸ್ಫೇಸಿಯಾನೋ ಗೊತ್ತಾಗಲಿಲ್ಲ. ಒಂದು ನುಂಗೋಕೆ ಆಗದೆ ಇರೋದು, ಇನ್ನೊಂದು ಮಾತು ಬರದೆ ಇರೋದು. ಪಾರ್ಶ್ವವಾಯುವಿನಲ್ಲಿ ಎರಡೂ ಆಗುತ್ತಲ್ಲ, ಅದಕ್ಕೆ ಬಿಟ್ಟೆ’ ಅಂದಳು.

ಯಾರೂ ಅವಳಿಗೆ ಖಾಲಿ ಬಿಡಲು ಹೇಳಿರಲಿಲ್ಲ.

ನನ್ನ ಎದುರಿಗೇ ಅವಳು ಕರಪತ್ರದ ನಂಬರಿಗೆ ಫೋನ್ ಮಾಡಿದಳು. ಡಿಕ್ಟೇಷನ್ ಎಷ್ಟು ಗಂಟೆ ಇದೆ, ಮೊದಲು ಒಂದು ಕೇಳಿಸುತ್ತೀರಾ ಎಂದು ಕೇಳಿದಳು. ‘ಮೊದಲು 5,000 ರಿಜಿಸ್ಟ್ರೇಷನ್ ಕಟ್ಟಿ, ಆಮೇಲೆ ಡೆಮೋ. ಆಫರ್ ನಾಳೆಯ ತನಕ ಮಾತ್ರ’ ಅಂದರು. ಅವಳು ಫೋನ್ ಇಟ್ಟಳು. ಈಗ ಸಂಜೆ ಆರು ಗಂಟೆಗೆ ಬರುತ್ತಾಳೆ, ಒಂದು ಗಂಟೆ ಕೂರುತ್ತಾಳೆ. ಡಿಎಂಆರ್‌ಟಿ ಅರ್ಜಿ ಯಾವಾಗ ಕರೆಯುತ್ತಾರೆ ಎಂದು ವಿಚಾರಿಸುತ್ತಿದ್ದೇವೆ. ಮುಂದಿನ ವಾರ ತುಮಕೂರಿನ ಒಂದು ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದಲ್ಲಿ ಕೇಳಿ ಬರುವುದಕ್ಕೂ ಹೊರಟಿದ್ದೇವೆ.

ತಿಪಟೂರು ಸುತ್ತಮುತ್ತ ಇನ್ಯಾರಾದರೂ ಇಂಥ ಕೋರ್ಸಿಗೆ ಸೇರಬೇಕೆಂದಿದ್ದರೆ, ಫೀಸು ಕಟ್ಟುವ ಮೊದಲು ನಿಮ್ಮ ಪತ್ರಿಕೆಯ ಮೂಲಕ ನನಗೆ ಒಂದು ಸಾಲು ಬರೆಯಲಿ. ದುಡ್ಡು ಬೇಡ. ಭಾನುವಾರ ಮಧ್ಯಾಹ್ನ ನಾನು ಮನೆಯಲ್ಲೇ ಇರುತ್ತೇನೆ. ಒಂದು ಡಿಕ್ಟೇಷನ್ ಕೇಳಿಸುತ್ತೇನೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ತಿಪಟೂರು